ಹಿತ್ತಿಲ ನೀಲಗಿರಿ: ತಲೆ ಕುಯ್ಸಬಹುದಾ? ಎಲೆಯ ಗಂಟಿಗೆ ಏನು ಹೊಡೀಬೇಕು?

ಮಾಲೂರು ಹಿತ್ತಿಲು (ಪ್ರಶ್ನೆ):
ಮಾಲೂರು ಹತ್ತಿರ 40x60 ಸೈಟು, ಕೆಂಪು ಮಣ್ಣು. ಹಿತ್ತಿಲಲ್ಲಿ ಒಂದು ನೀಲಗಿರಿ ಮರ, ಸುಮಾರು 35 ಅಡಿ ಎತ್ತರ. ಮನೆ ಗೋಡೆಗೆ 18 ಅಡಿ, ನೆಲದೊಳಗಿನ ನೀರಿನ ಸಂಪಿಗೆ 12 ಅಡಿ ದೂರ. ಗಾಳಿಗೆ ತುಂಬಾ ತೂಗಾಡುತ್ತೆ ಅಂತ 15 ಅಡಿಗೆ ತಲೆ ಕುಯ್ಸೋಣ ಅಂತಿದೀವಿ, ಸರಿನಾ? ಹೊಸ ಚಿಗುರಿನ ತೊಟ್ಟು ಮತ್ತು ಎಲೆಯ ನಡುನರದ ಮೇಲೆ ಸಾಲಾಗಿ ಗಂಟು ಎದ್ದಿವೆ. ಕೆಲವು ಹಸಿರು, ಕೆಲವು ಗುಲಾಬಿ. ಯಾವ ಔಷಧಿ ಹೊಡೀಬೇಕು? ಮರದ ಕೆಳಗೆ ಮೆಂತ್ಯ, ಕೊತ್ತಂಬರಿ ಏಳ್ತಾನೇ ಇಲ್ಲ. ಗೇಟಿನ ಹತ್ತಿರ ನಿಂಬೆ ವಾಸನೆಯ ನೀಲಗಿರಿ ಒಂದು ನೆಡೋ ಆಸೆಯೂ ಇದೆ.

ಕೆಂಪುಮಣ್ಣು:
ದಯವಿಟ್ಟು 15 ಅಡಿಗೆ ಕುಯ್ಸಬೇಡಿ. ನಡುಗಾಂಡ ಕುಯ್ದರೆ ಗಾಯದ ಸುತ್ತ ತೊಗಟೆಯೊಳಗಿನ ಮೊಗ್ಗುಗಳು ಒಟ್ಟಿಗೆ ಒಡೆದು ಪೊದೆಯಾಗುತ್ತವೆ. ಆ ಕೊಂಬೆಗಳಿಗೆ ಕಾಂಡದೊಳಗೆ ಹಿಡಿತ ಇರಲ್ಲ, ತೊಗಟೆ ಪಕ್ಕದ ತೆಳು ಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಎರಡು ಮೂರು ವರ್ಷಕ್ಕೆ ಭಾರ ಏರುತ್ತೆ, ಕುಯ್ದ ಜಾಗದಿಂದ ನೀರಿಳಿದು ಕೊಳೆ ಶುರುವಾಗಿರುತ್ತೆ, ಆಷಾಢದ ಗಾಳಿಗೆ ಬುಡಸಮೇತ ಸೀಳಿ ಬೀಳುತ್ತವೆ. ಈಗಿರೋದಕ್ಕಿಂತ ಹೆಚ್ಚು ಅಪಾಯ ಅದು. ಎಳೆ ನೀಲಗಿರಿ ಗಾಳಿಗೆ ತೂಗೋದು ಸಹಜ. ನೋಡಬೇಕಾದ್ದು ಬುಡ: ಗಾಳಿ ಬೀಸುವಾಗ ಬುಡದ ಮಣ್ಣು ಒಂದು ಕಡೆ ಏಳ್ತಿದೆಯಾ, ಬಿರುಕು ಬಿಡ್ತಿದೆಯಾ? ಹಾಗಿದ್ದರೆ ಮರ ಉಳಿಸೋ ಮಾತೇ ಬೇಡ.

ಬುಡ ಗಟ್ಟಿ ಇದ್ದರೆ ಎತ್ತರದ ಮೂರನೇ ಒಂದು ಭಾಗದವರೆಗೆ ಕೆಳಗಿನ ಕೊಂಬೆ ತೆಗೆಸಿ, ಸಾಕು. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದು ಅಡಿ ಆಚೆ ಕೆಳಗಿನಿಂದ ಅರ್ಧ ಗರಗಸ ಹಾಕಿ, ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕುಯ್ದು ಬೀಳಿಸಿ. ಉಳಿದ ಮೋಟನ್ನು ಆಮೇಲೆ, ಕೊಂಬೆ ಕಾಂಡಕ್ಕೆ ಸೇರೋ ಕಡೆ ಬಳೆಯಂತೆ ಉಬ್ಬಿರೋ ಭಾಗದ ಹೊರಗೆ ಕುಯ್ಯಬೇಕು. ಒಂದೇ ಏಟಿಗೆ ಕುಯ್ದರೆ ಕೊಂಬೆ ಬೀಳ್ತಾ ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಹೋಗುತ್ತೆ. ಮೇಲೆ ಕರೆಂಟ್ ತಂತಿ ಇದ್ದರೆ ಬೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸದೆ ಯಾರನ್ನೂ ಮರ ಹತ್ತಿಸಬೇಡಿ.

ಮರ ಗಿಡ್ಡವಾಗಿಯೇ ಇರಬೇಕು ಅಂದ್ರೆ ಅದಕ್ಕಿರೋ ದಾರಿ ಬುಡಕ್ಕೆ ಕುಯ್ಯೋದು. ನೆಲದಿಂದ ನಾಲ್ಕರಿಂದ ಆರು ಇಂಚು ಬಿಟ್ಟು, ನೀರು ಜಾರುವಂತೆ ಓರೆಯಾಗಿ, ಗರಗಸದಲ್ಲೇ. ಕೊಡಲಿ ಏಟಿಗೆ ತೊಗಟೆ ಬಿಟ್ಟುಕೊಂಡರೆ ಅಲ್ಲಿ ಚಿಗುರು ಬರಲ್ಲ. ಕಡು ಬೇಸಿಗೆಯಲ್ಲಿ ಬೇಡ. ಆರೇಳು ತಿಂಗಳಿಗೆ, ಕೆಳಗಿನಿಂದ ಎದ್ದ ಗಟ್ಟಿ ಚಿಗುರು ಒಂದೋ ಎರಡೋ ಉಳಿಸಿ ಮಿಕ್ಕಿದ್ದು ತೆಗೀರಿ. ಹಳೇ ತೋಪುಗಳಲ್ಲಿ ಎರಡನೇ ಕಟಾವಿಗೆ ಗಳ ಬೆಳೆಸೋದು ಇದೇ ರೀತಿ.

ಶಿಡ್ಲಘಟ್ಟ ತೋಟ:
ಗಂಟಿನ ವಿಷಯ. ಅದು ಲೆಪ್ಟೊಸೈಬೆ ಅನ್ನೋ ಕಣಜದ ಕೆಲಸ. ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ ಇರುತ್ತೆ. 2001ರಲ್ಲಿ ಮಂಡ್ಯ ಕಡೆ ಕಾಣಿಸಿಕೊಂಡು ಆಮೇಲೆ ಎಲ್ಲ ಕಡೆ ಹರಡಿತು. ಎಳೆ ತೊಟ್ಟು ಮತ್ತು ನರದೊಳಗೆ ಮೊಟ್ಟೆ ಇಡುತ್ತೆ, ಮರಿ ಗಂಟಿನೊಳಗೇ ಬೆಳೆಯುತ್ತೆ. ಮೇಲೆ ಹೊಡೆದ ಔಷಧಿ ಒಳಗೆ ತಲುಪೋದು ಕಷ್ಟ, ಜೊತೆಗೆ ಈ ಹುಳವನ್ನೇ ತಿಂದು ಬದುಕೋ ಪರಾವಲಂಬಿ ಕಣಜಗಳು ಸಾಯುತ್ತವೆ. ಹಾಗಾಗಿ ಸ್ಪ್ರೇ ಬೇಡ.

ಒಂದು ಗಂಟನ್ನು ಹತ್ತಿರದಿಂದ ನೋಡಿ. ಸೂಜಿ ಚುಚ್ಚಿದಂಥ ದುಂಡನೆ ತೂತು ಇದ್ದರೆ ಹುಳ ಹಾರಿಹೋಗಿದೆ, ಅದನ್ನು ಕಿತ್ತು ಪ್ರಯೋಜನ ಇಲ್ಲ. ತೂತಿಲ್ಲದ ಚಿಗುರನ್ನು ಕತ್ತರಿಸಿ ಸುಟ್ಟುಹಾಕಿ. ಯೂರಿಯಾ, ಹೆಚ್ಚುವರಿ ನೀರು ನಿಲ್ಲಿಸಿ. ಮೆತ್ತನೆ ಚಿಗುರು ಹೆಚ್ಚಾದಷ್ಟೂ ಹುಳಕ್ಕೆ ಹಬ್ಬ. 35 ಅಡಿ ಮರ ಇದರಿಂದ ಸಾಯೋದು ಅಪರೂಪ. ಆದರೆ ಮೇಲೆ ಹೇಳಿದಂತೆ ಬುಡಕ್ಕೆ ಕುಯ್ದರೆ ಬರೋದೆಲ್ಲಾ ಎಳೆ ಚಿಗುರೇ, ಗಂಟಿನ ಕಾಟ ಆಗ ಜಾಸ್ತಿ. ಅದನ್ನು ಲೆಕ್ಕಕ್ಕಿಟ್ಟುಕೊಂಡು ತೀರ್ಮಾನ ಮಾಡಿ.

ಹೊಂಗೆ ನೆರಳು:
ನನಗೆ ಯೋಚನೆ ಆಗ್ತಿರೋದು ಸಂಪಿನದು. 12 ಅಡಿ ತೀರಾ ಹತ್ತಿರ. ಬೇರು ಗಟ್ಟಿ ಕಾಂಕ್ರೀಟು ಒಡೆಯಲ್ಲ, ಆದರೆ ತೇವ ಜಿನುಗೋ ಸಣ್ಣ ಬಿರುಕು ಸಿಕ್ಕರೆ ಒಳಗೆ ನುಗ್ಗಿ ದಪ್ಪವಾಗುತ್ತೆ. ರಾತ್ರಿ ಸಂಪಿನ ಮಟ್ಟಕ್ಕೆ ಗುರುತು ಹಾಕಿ, ಮೋಟಾರ್ ಹಾಕದೆ ಬೆಳಿಗ್ಗೆ ನೋಡಿ. ಇಳಿದಿದ್ದರೆ ಖಾಲಿ ಮಾಡಿಸಿ ಒಳಗೋಡೆ ಪರೀಕ್ಷಿಸಿ.

ಮೆಂತ್ಯ ಏಳದಿರೋದಕ್ಕೆ ಮೇಲ್ಮಣ್ಣಿನ ತೇವವನ್ನು ಬೇರು ಎಳೆದುಕೊಳ್ಳೋದೂ ಕಾರಣ, ಎಲೆಯಿಂದ ಇಳಿಯೋ ರಸವೂ ಕಾರಣ. ಸೊಪ್ಪನ್ನು ಕುಂಡಕ್ಕೆ ಬದಲಾಯಿಸಿ. ತರಗೆಲೆ ಗುಡಿಸ್ತಾ ಇರಿ. ಎಣ್ಣೆ ಇರೋ ಎಲೆ, ಗೋಡೆ ಪಕ್ಕ ರಾಶಿ ಹಾಕಿ ಬೆಂಕಿ ಇಡಬೇಡಿ.

ಇನ್ನೊಂದು ನೆಡೋದು ಬೇಡವೇ ಬೇಡ. ಹೊಸದಾಗಿ ನೀಲಗಿರಿ ಬೆಳೆಸೋದನ್ನು ಸರ್ಕಾರ 2017ರಲ್ಲೇ ನಿಷೇಧಿಸಿತ್ತು, ಅದಕ್ಕೆ ಮುಖ್ಯ ಕಾರಣ ನಮ್ಮ ಬಯಲುಸೀಮೆಯ ಅಂತರ್ಜಲ. ಟಿಪ್ಪು ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದ ಮರ ಅಂತಾರೆ. ತೋಟದಲ್ಲಿ ನಾಲ್ಕಿದ್ದರೆ ಚೆಂದ, ವರ್ಷವಿಡೀ ಹರಿಯೋ ನದಿಯಿಲ್ಲದ ಜಿಲ್ಲೆಗೆ ತೋಪುಗಟ್ಟಲೆ ಭಾರ. ಗೇಟಿಗೆ ಹೊಂಗೆ ಹಾಕಿ.

ಮಾಲೂರು ಹಿತ್ತಿಲು:
ಎಲ್ಲರಿಗೂ ಧನ್ಯವಾದ. ಸಂಪಿನ ನೀರು ಇಳೀತಿದೆ ಅಂತ ಗೊತ್ತಾದರೆ ಮರ ಪೂರ್ತಿ ತೆಗೆಸ್ತೀವಿ. ಮತ್ತೆ ಚಿಗುರದಂತೆ ಏನು ಮಾಡಬೇಕು?

ಕೆಂಪುಮಣ್ಣು:
ಕುಯ್ಯೋ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಂದು ಮಾತು ಕೇಳಿ. ಬುಡದ ಸುತ್ತ ಒಂದೂವರೆ ಅಡಿ ಮಣ್ಣು ತೆಗೆಸಿ, ಪಕ್ಕದ ಬೇರು ಕಡಿಸಿ. ಮಣ್ಣಿನೊಳಗೆ ಬುಡ ಗೆಡ್ಡೆಯಂತೆ ಊದಿರುತ್ತೆ, ಚಿಗುರೋದು ಅಲ್ಲಿಂದಲೇ. ಕುಯ್ದ ದಿನವೇ, ಹಸಿ ಇರುವಾಗ, ಮೋಟಿನ ತುದಿಯಿಂದ ಆ ಗೆಡ್ಡೆಯ ಕೆಳಗಿನವರೆಗೆ ತೊಗಟೆ ಪೂರ್ತಿ ಸುಲಿಸಿ, ಒಣಗಿದರೆ ಬಿಡಲ್ಲ. ಆಮೇಲೂ ಎಲ್ಲಾದರೂ ಚಿಗುರು ಕಂಡರೆ ಗೇಣುದ್ದ ಆಗೋದರೊಳಗೆ ಕಿತ್ತುಹಾಕಿ. ಸಂಪು ಪಕ್ಕದಲ್ಲಿರೋದರಿಂದ ಕಳೆನಾಶಕ, ಸೀಮೆಎಣ್ಣೆ ಯಾವುದನ್ನೂ ಸುರಿಸಬೇಡಿ.