ಅಪ್‌ಡೇಟ್: ಪೋಷಣೆಗೆ ಬಂದ ಹುಡುಗನ ಸಿಟ್ಟು, ತಿಂಡಿ ಬಚ್ಚಿಡುವ ಅಭ್ಯಾಸ

ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಕಾಸರಗೋಡಿನ ನಮ್ಮ ಮನೆಗೆ ಬಂದ ಆರು ವರ್ಷದ ಹುಡುಗ ತಿಂಡಿಯನ್ನು ದಿಂಬಿನಡಿ ಬಚ್ಚಿಡುತ್ತಾನೆ, ಸಿಟ್ಟು ಬಂದರೆ ಪಾತ್ರೆ ಎಸೆಯುತ್ತಾನೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಬರೆದಿದ್ದೆ. ಈಗ ಎಷ್ಟೋ ವಾಸಿ.

ಕೈ ಹಿಡಿದದ್ದು ಪೋಷಕ-ಮಗು ಒಡನಾಟ ಚಿಕಿತ್ಸೆ. ಸೂಚಿಸಿದ ಅಕ್ಕನಿಗೆ ನಮಸ್ಕಾರ. ದಿನಕ್ಕೆ ಐದು ನಿಮಿಷ ಆಟದ ಯಜಮಾನ ಅವನೇ. ಆ ಹೊತ್ತಿನಲ್ಲಿ ನಾವು ಪ್ರಶ್ನೆ ಕೇಳುವಂತಿಲ್ಲ, ಅಪ್ಪಣೆ ಕೊಡುವಂತಿಲ್ಲ. “ಗೋಪುರವನ್ನು ಎಷ್ಟು ಜಾಗ್ರತೆಯಿಂದ ಕಟ್ಟುತ್ತಿದ್ದೀಯಾ” ಎಂದು ಕಂಡದ್ದನ್ನು ಹೇಳಿ ಮೆಚ್ಚಬೇಕು. ಅಚ್ಚರಿಯೆಂದರೆ, ತರಬೇತಿ ಮಗುವಿಗಲ್ಲ, ನಮಗೆ! ಮಂಗಳೂರಿನ ಚಿಕಿತ್ಸಕಿ ಪಕ್ಕದ ಕೋಣೆಯಿಂದ ನೋಡುತ್ತಾ ನನ್ನ ಕಿವಿಯ ಇಯರ್‌ಫೋನಿನಲ್ಲಿ ಹೇಳಿಕೊಡುತ್ತಿದ್ದರು.

ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸುವ ಪಟ್ಟಿ ಫಲಿಸಲಿಲ್ಲ. ನಕ್ಷತ್ರ ಸಿಗದ ದಿನ ಹರಿದೇಬಿಟ್ಟ. ಅವನ ಕೈಗೆಟುಕುವಲ್ಲಿ ಅವಲಕ್ಕಿ ಡಬ್ಬಿ ಇಟ್ಟ ಮೇಲೆ ಬಚ್ಚಿಡುವುದು ನಿಂತಿತು.

ರಾತ್ರಿ ಬೆಚ್ಚಿಬೀಳುವುದು ಇನ್ನೂ ಇದೆ. ಅದಕ್ಕೆ ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ (ಹಿಂದಿನ ಕಹಿ ಅನುಭವಗಳ ಭಯವನ್ನು ಮಾತು, ಅಭ್ಯಾಸಗಳ ಮೂಲಕ ತಗ್ಗಿಸುವ ಚಿಕಿತ್ಸೆ) ಮುಂದಿನ ತಿಂಗಳು ಆರಂಭ.