ಅಪ್‌ಡೇಟ್: ಎರಡನೇ ಗೆರೆ ಬಂತು!

ಮುಟ್ಟು ತಡವಾಗಿದೆ, ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತದೆ, ಆದರೆ ಪ್ರೆಗ್ನೆನ್ಸಿ ಟೆಸ್ಟ್‌ನಲ್ಲಿ ಒಂದೇ ಗೆರೆ, ಏನಿದು ಅಂತ ಕೇಳಿದ್ದೆ ಅಲ್ವಾ? ವಾರ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ ಅಂದವರಿಗೆ ಥ್ಯಾಂಕ್ಸ್. ಹಾಗೇ ಮಾಡಿದೆ. ಗೆರೆ ಎಷ್ಟು ತೆಳು ಅಂದರೆ ನಾನೂ ನನ್ನ ಗಂಡನೂ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ಹಿಡಿದು ನೋಡಿದೆವು. ತೆಳುವಾದರೂ ಪಾಸಿಟಿವ್ವೇ ಅಂದರು ಡಾಕ್ಟರ್. ಟೆಸ್ಟ್ ಹಿಡಿಯುವುದು ಬಸಿರಾದಾಗ ಬರುವ ಎಚ್‌ಸಿಜಿ ಹಾರ್ಮೋನನ್ನು, ಅದು ಶುರುವಿನಲ್ಲಿ ತೀರಾ ಕಡಿಮೆ ಇರುತ್ತದೆ, ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ, ಅದಕ್ಕೇ ಮೊದಲ ಸಲ ಸಿಕ್ಕಿರಲಿಲ್ಲ.

ಈಗ ಫೋಲಿಕ್ ಆಸಿಡ್ ಮಾತ್ರೆ ನಡೀತಿದೆ. ಕಬ್ಬಿಣದ್ದು ಮೂರು ತಿಂಗಳು ಕಳೆದ ಮೇಲೆ. ಏಳುವ ಮುಂಚೆ ಎರಡು ರಸ್ಕ್ ತಿಂದರೆ ವಾಕರಿಕೆ ಸ್ವಲ್ಪ ತಡೆಯುತ್ತದೆ, ಕಾಫಿ ಮಾತ್ರ ಹತ್ತಿರ ಸೇರಲ್ಲ.

ನಮಗಿಬ್ಬರಿಗೂ 22. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಭಯ ಇದ್ದಿದ್ದು ದುಡ್ಡಿನದೇ. ಏರಿಯಾದ ಆಶಾ ಅಕ್ಕ ಗರ್ಭಿಣಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಮಾಡಿಸಿಕೊಟ್ಟರು. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಕಂತಿನಲ್ಲಿ ಬರುತ್ತದಂತೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ನಾನು ಕೆಲಸ ಮಾಡುವ ಕಡೆ 26 ವಾರದ ಸಂಬಳದ ರಜೆ ಸಿಗುತ್ತದೆ, ಎಚ್‌ಆರ್ ಹತ್ತಿರ ಬರಹದಲ್ಲೇ ಕೇಳಿ ಇಟ್ಟುಕೊಂಡೆ. ಬಾಯಿಮಾತು ನಂಬೋಕಾಗಲ್ಲ.

ಊರಿನವರಿಗೆ ಇನ್ನೂ ಹೇಳಿಲ್ಲ. 11ರಿಂದ 13 ವಾರದೊಳಗೆ ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆ ಹಿಂದಿನ ದ್ರವ ಅಳೆಯುವ ಸ್ಕ್ಯಾನ್) ಇದೆ, ಅದಾದ ಮೇಲೆ ಅಮ್ಮನಿಗೆ ಫೋನ್.