ಗುರುತು ಸುಟ್ಟುಹೋದ ಎಂಟು ಕಾಲಿನ ಬಿಡಿಭಾಗ: ಬದಲಿಗೆ ಯಾವುದನ್ನು ಹಾಕಬೇಕು?

ಪ್ರಶ್ನೆ:
ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ. ಅಡಾಪ್ಟರಿನ 19 ವೋಲ್ಟ್ ಜ್ಯಾಕ್‌ವರೆಗೆ ಬರುತ್ತದೆ, ಅಲ್ಲಿಂದ ಮುಂದಕ್ಕಿಲ್ಲ. ಜ್ಯಾಕ್ ಬಳಿ ಎಂಟು ಕಾಲಿನ ಎರಡು ಬಿಡಿಭಾಗಗಳಿವೆ. ಒಂದರ ನೆತ್ತಿ ಸುಟ್ಟು ಕುಳಿ ಬಿದ್ದಿದೆ, ಬರಹ ಉಳಿದಿಲ್ಲ. ಪಕ್ಕದಲ್ಲಿ ‘702’ ಎಂದಿರುವ ಮೂರು ಕಾಲಿನದೊಂದು, ‘ಆರ್010’ ಎಂದಿರುವ ಚಪ್ಪಟೆ ತುಂಡೊಂದು ಇವೆ. ಬೋರ್ಡಿನ ಮೇಲೆ ಸುಟ್ಟದ್ದರ ಪಕ್ಕ ‘ಪಿಕ್ಯು’ ಎಂದು ಅಚ್ಚಾಗಿದೆ. ಲ್ಯಾಪ್‌ಟಾಪಿನ ಮಾದರಿ ಹೆಸರಿನಿಂದ ಹುಡುಕಿದರೆ ಸರ್ಕ್ಯೂಟ್ ನಕ್ಷೆ ಸಿಗುತ್ತಿಲ್ಲ.

ಉತ್ತರ:
ಮಾದರಿ ಹೆಸರನ್ನು ಬಿಟ್ಟುಬಿಡಿ. ಒಂದೇ ಹೆಸರಿನ ಲ್ಯಾಪ್‌ಟಾಪಿನೊಳಗೆ ಬೇರೆ ಬೇರೆ ಬೋರ್ಡ್ ಇರಬಹುದು. ಬೋರ್ಡಿನ ಮೇಲೆಯೇ, ಕೆಲವೊಮ್ಮೆ ಮೆಮೊರಿ ಸಾಕೆಟ್ಟಿನ ಅಡಿಯಲ್ಲಿ, ಅದರ ಸಂಖ್ಯೆ ಮತ್ತು ಪರಿಷ್ಕರಣೆ ಅಚ್ಚಾಗಿರುತ್ತದೆ. ನಕ್ಷೆಯನ್ನು ಅದರಿಂದ ಹುಡುಕಿ.

ನಕ್ಷೆ ಸಿಗದಿದ್ದರೂ ನೀವು ಬರೆದದ್ದರಲ್ಲೇ ಬೇಕಾದಷ್ಟು ಸುಳಿವಿದೆ. ‘ಪಿಕ್ಯು’ನಲ್ಲಿ ‘ಕ್ಯು’ ಎಂದರೆ ಟ್ರಾನ್ಸಿಸ್ಟರ್. ಮುಂದಿನ ‘ಪಿ’ ವಿದ್ಯುತ್ ಪೂರೈಕೆಯ ಭಾಗವೆಂದು ಹೇಳುತ್ತದೆ. ಜ್ಯಾಕ್ ಬಳಿಯ ಎಂಟು ಕಾಲಿನ ಜೋಡಿ ಬಹುಮಟ್ಟಿಗೆ ಮಾಸ್‌ಫೆಟ್‌ಗಳೇ, ಅಂದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು: 1ರಿಂದ 3ನೇ ಕಾಲು ಸೋರ್ಸ್, 4 ಗೇಟ್, 5ರಿಂದ 8 ಡ್ರೈನ್. ಕರೆಂಟ್ ಹರಿಯುವುದು ಸೋರ್ಸ್ ಮತ್ತು ಡ್ರೈನ್ ನಡುವೆ, ಅದನ್ನು ಆನ್ ಆಫ್ ಮಾಡುವುದು ಗೇಟ್. ‘ಆರ್010’ 10 ಮಿಲಿಓಮ್ ರೆಸಿಸ್ಟರ್, ಕರೆಂಟ್ ಅಳೆಯಲು ಇಟ್ಟದ್ದು.

ತಿಳಿಯಬೇಕಾದ್ದು ಎನ್ ಚಾನೆಲ್ಲೋ ಪಿ ಚಾನೆಲ್ಲೋ ಎಂಬುದು. ಗೇಟಿನ ವೋಲ್ಟೇಜ್ ಸೋರ್ಸಿಗಿಂತ ಏರಿದಾಗ ಆನ್ ಆಗುವುದು ಎನ್, ಇಳಿದಾಗ ಆನ್ ಆಗುವುದು ಪಿ. ‘702’ ಸಾಮಾನ್ಯವಾಗಿ 2ಎನ್7002, ಅಂದರೆ 60 ವೋಲ್ಟಿನ ಪುಟ್ಟ ಎನ್ ಚಾನೆಲ್ ಮಾಸ್‌ಫೆಟ್. ಅದರ ಡ್ರೈನ್ ಒಂದು ರೆಸಿಸ್ಟರ್ ಮೂಲಕ ದೊಡ್ಡದರ 4ನೇ ಕಾಲಿಗೆ ಹೋಗಿದೆಯೇ ಎಂದು ಮೀಟರ್ ಹಿಡಿದು ನೋಡಿ. ಹೋಗಿದ್ದರೆ ಅದು ಗೇಟನ್ನು ಗ್ರೌಂಡ್ (ಸೊನ್ನೆ ವೋಲ್ಟ್) ಕಡೆಗೆ ಎಳೆದು ದೊಡ್ಡದನ್ನು ಆನ್ ಮಾಡುತ್ತಿರಬೇಕು. ಆಗ ದೊಡ್ಡದು ಪಿ ಚಾನೆಲ್. ಉಳಿದಿರುವ ಜೊತೆಗಾರನ ಬರಹವನ್ನು ಓರೆ ಬೆಳಕಿನಲ್ಲಿ ಓದಿ.

ಪ್ರಶ್ನೆ ಕೇಳಿದವರು:
ರೆಸಿಸ್ಟರ್ ಮೂಲಕ 4ನೇ ಕಾಲಿಗೇ ಹೋಗಿದೆ. ಇನ್ನೊಂದರ ಮೇಲೆ ‘4407’ ಎಂದಿದೆ.

ಉತ್ತರ:
ಹಾಗಾದರೆ ಲೆಕ್ಕ ಕೂಡಿತು. ಎಓ4407 ಸರಣಿ 30 ವೋಲ್ಟಿನ ಪಿ ಚಾನೆಲ್ ಮಾಸ್‌ಫೆಟ್. ಅದನ್ನೇ ಹಾಕಿ. ಬೇರೆಯದಾದರೆ ಗೇಟ್ ತಾಳುವ ವೋಲ್ಟೇಜನ್ನು ಡೇಟಾಶೀಟಿನಲ್ಲಿ ನೋಡದೆ ಹಾಕಬೇಡಿ. 19 ವೋಲ್ಟಿನ ಲೈನಿನಲ್ಲಿ ಗೇಟ್ ಪೂರ್ತಿ ಗ್ರೌಂಡಿಗೆ ಇಳಿಯುವ ವಿನ್ಯಾಸವಾದರೆ 12 ವೋಲ್ಟ್ ಮಿತಿಯದು ಬದುಕುವುದಿಲ್ಲ.

ಇನ್ನೊಬ್ಬರು:
ಬೆಸುಗೆ ಹಾಕುವ ಮೊದಲು ‘ಆರ್010’ನ ಎರಡೂ ತುದಿಗಳಿಂದ ಗ್ರೌಂಡಿಗೆ ರೆಸಿಸ್ಟೆನ್ಸ್ ಅಳೆಯಿರಿ, ಅಡಾಪ್ಟರ್ ಮತ್ತು ಬ್ಯಾಟರಿ ಎರಡನ್ನೂ ತೆಗೆದು. ಮಾಸ್‌ಫೆಟ್ ತಾನಾಗಿ ಕುಳಿ ಬೀಳುವಷ್ಟು ಸುಡುವುದು ಅಪರೂಪ. ಮುಂದೆ ಶಾರ್ಟ್ ಇದ್ದರೆ, ಅಂದರೆ ಲೈನ್ ನೇರವಾಗಿ ಗ್ರೌಂಡಿಗೆ ತಾಗಿದ್ದರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಎರಡೂ ಕಡೆ ಸುಮಾರು 1 ಓಮ್.

ಇನ್ನೊಬ್ಬರು:
ಶಾರ್ಟ್ ಇದೆ. ಆ ಲೈನಿಗೆ ಹೊರಗಿನ ಸಪ್ಲೈಯಿಂದ 1 ವೋಲ್ಟ್ ಮಾತ್ರ, ಕರೆಂಟ್ ಮಿತಿ ಇಟ್ಟು ಕೊಡಿ. ಮೊದಲೇ ಆ ಜಾಗಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಎಲ್ಲಿ ಬೇಗ ಆರುತ್ತದೋ ಅಲ್ಲಿ ಬಿಸಿ. ಕಿಡಿ ತಾಗದಂತೆ, ಗಾಳಿಯಾಡುವ ಕಡೆ ಮಾಡಿ.

ಪ್ರಶ್ನೆ ಕೇಳಿದವರು:
ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್ ಒಂದರ ಮೇಲೆ ತಕ್ಷಣ ಆರಿತು. ಅದನ್ನು ಕಿತ್ತ ಮೇಲೆ ಶಾರ್ಟ್ ಇಲ್ಲ. ಆದರೆ ಅದರ ಮೇಲೆ ಏನೂ ಬರೆದಿಲ್ಲ.

ಇನ್ನೊಬ್ಬರು:
ಆ ಬಗೆಯವುಗಳ ಮೇಲೆ ಬರಹವೇ ಇರುವುದಿಲ್ಲ. ಅದೇ ಲೈನಿನಲ್ಲಿ ಅದೇ ಗಾತ್ರದ ಇನ್ನೊಂದನ್ನು ಕಿತ್ತು ಮೀಟರಿನಲ್ಲಿ ಅಳೆಯಿರಿ. ಬೋರ್ಡಿನಲ್ಲಿರುವಾಗ ಅಳೆದರೆ ಸಮಾನಾಂತರವಾಗಿರುವ ಎಲ್ಲವೂ ಕೂಡಿ ಬರುತ್ತವೆ. ತಾಳುವ ವೋಲ್ಟೇಜ್ 25ಕ್ಕಿಂತ ಕಡಿಮೆಯ ಕೆಪಾಸಿಟರ್ ಬೇಡ.